ನಿಂತ ಮಗ್ಗದ ಬಾಡಿಗೆ

ಸ್ಟೂಲಿನ ಮೇಲೆ ಹತ್ತಿ ನಿಂತಿದ್ದೇನೆ. ಅದರ ಒಂದು ಕಾಲು ಗಿಡ್ಡ, ಅದಕ್ಕೆ ಜೊತೆಗೆ ನೇಯುವ ಮಲ್ಲಪ್ಪ ಕೆಳಗೆ ಹಿಡಿದುಕೊಂಡಿದ್ದಾನೆ. ಒಂದು ಕೈಯಲ್ಲಿ ಕರೆಂಟ್ ಬಿಲ್ಲು, ಇನ್ನೊಂದು ಕೈಯಿಂದ ಮೀಟರಿನ ಮೇಲಿನ ಧೂಳು ಒರೆಸುತ್ತಿದ್ದೇನೆ. ಮೀಟರು ಒಂದು ಸುತ್ತೂ ತಿರುಗಿಲ್ಲ. ನೂಲು ಬಂದಿಲ್ಲವೆಂದು ಈ ಮನೆಗೆ ತಿಂಗಳಿಡೀ ಬೀಗ ಹಾಕಿದ್ದೆವು. ಆದರೂ ಬಿಲ್ಲು ಬಂದಿದೆ. ನಿಗದಿತ ಶುಲ್ಕ ಅಂತೆ.

ಒಳಗಿನಿಂದ ಮಗ್ಗಕ್ಕೆ ಹಚ್ಚುವ ಔಡಲ ಎಣ್ಣೆಯ ವಾಸನೆ ಬಂತು. ಕಾಶವ್ವತ್ತಿ ನೆನಪಾದಳು.

ಕಾಶವ್ವತ್ತಿ ನನ್ನ ಅಪ್ಪನ ಅಕ್ಕ. ರಬಕವಿಯ ಈ ಮನೆ ಅವಳದು, ಒಳಗಿನ ಎರಡು ಕೈಮಗ್ಗವೂ ಅವಳವೇ. ಒಂದರಲ್ಲಿ ಅವಳು ಸೀರೆ ನೇಯುತ್ತಿದ್ದಳು. ಇನ್ನೊಂದು ತೀರಿಹೋದ ಮಾವನದು, ಅದನ್ನು ನನಗೆ ಬಾಡಿಗೆಗೆ ಕೊಟ್ಟಿದ್ದಳು. ತಮ್ಮನ ಮಗನೆಂದು ಬಾಡಿಗೆ ಬಿಟ್ಟುಕೊಡುವ ಹೆಂಗಸಲ್ಲ. ಊಟ ಮಾತ್ರ ಪುಕ್ಕಟೆ, ಅದೂ ಬೇಡವೆಂದರೂ ಬಡಿಸುತ್ತಿದ್ದಳು. ಸಾಲಿ ಬಿಟ್ಟು ಮಗ್ಗಕ್ಕೆ ಕೂತ ನನ್ನಂಥವನಿಗೆ ಅದೇ ದೊಡ್ಡದು.

ಒಮ್ಮೆ ಮಗಳ ಬಾಣಂತನಕ್ಕೆ ಮುಧೋಳಕ್ಕೆ ಹೋದವಳು ಎರಡು ತಿಂಗಳು ಅಲ್ಲೇ ಉಳಿದಳು. ನೂಲು ಇಲ್ಲದೆ ನಾನೂ ಬೇರೆ ಕಡೆ ಕೂಲಿಗೆ ಹೋಗಿದ್ದೆ. ಅವಳು ಬಂದು ಬೀಗ ತೆಗೆದರೆ ಬಾಗಿಲ ಸಂದಿಯಲ್ಲಿ ಬಿಲ್ಲು ಬಿದ್ದಿತ್ತು.

"ದೀಪಾ ಹಚ್ಚಿಲ್ಲ, ಏನಿಲ್ಲ. ಯಾತರ ಬಿಲ್ಲು? ನಾ ಕಟ್ಟಂಗಿಲ್ಲ," ಅಂದಳು.

ಮರುದಿನ ಓಣಿಗೆ ಬಂದ ಬಿಲ್ಲಿನವನಿಗೂ ಅದನ್ನೇ ಹೇಳಿದಳು. ಅವನು ಮೆತ್ತಗಿನ ಮನುಷ್ಯ. "ಕಟ್ಟಲಿಲ್ಲಂದ್ರ ವಾಯರ್ ಕತ್ತರಸ್ತಾರ್ರಿ ಅವ್ವಾರ," ಅಂದ.

ಇಲ್ಲಿ ಒಂದು ಮಾತು ಹೇಳಬೇಕು. ಮಗ್ಗದ ಕೋಣೆಗೆ ಕಿಟಕಿ ಇಲ್ಲ. ಇರುವ ಒಂದೇ ಬಲ್ಬು ಆರಿದರೆ ಹಗಲಲ್ಲೂ ಎಳೆ ಕಾಣುವುದಿಲ್ಲ. ಆಗಷ್ಟೇ ಮದುವೆ ಸೀರೆಗಳ ನೂಲು ಬಂದಿತ್ತು. ವಾಯರ್ ಕತ್ತರಿಸಿದರೆ ಆ ಕೆಲಸ ಹೋದಂತೆಯೇ. ಅದು ಅವಳಿಗೂ ಗೊತ್ತು. ಆದರೂ ನನ್ನನ್ನು ಕರೆದುಕೊಂಡು ಜಮಖಂಡಿ ಬಸ್ಸು ಹತ್ತಿದಳು, ಕರೆಂಟ್ ಆಫೀಸಿನ ಸಾಹೇಬರನ್ನೇ ಕೇಳಲು. ಬಸ್ಸಿನ ಚಾರ್ಜು ಬಿಲ್ಲಿಗಿಂತ ಜಾಸ್ತಿ ಆಗುತ್ತದೆ ಅಂದೆ.

"ಆಗ್ಲಿ. ಕಂಡಕ್ಟರ ಹತ್ತಿದವರ ಕಡೆ ಅಷ್ಟ ರೊಕ್ಕ ತಗೋತಾನ. ಮನಿ ಮುಂದ ಬಸ್ ಹಾದು ಹೋತು, ಕೊಡು ಅಂತ ಕೇಳ್ತಾನೇನ?"

ಸಾಹೇಬರಿಗೂ ಇದನ್ನೇ ಹೇಳಿದಳು. ಅವರು ಕುರ್ಚಿ ತರಿಸಿ ಕೂಡಿಸಿದರು, ಚಹಾ ತರಿಸಿದರು. "ಅವ್ವಾರ, ನೀವು ಊರಿಂದ ಬಂದು ಬಟನ್ ಒತ್ತಿದ ಕೂಡಲೆ ದೀಪ ಹತ್ತಬೇಕಲ್ರಿ? ಅದಕ್ಕ ಕಂಬ, ತಂತಿ ನಿಮ್ಮ ದಾರಿ ಕಾಯ್ಕೊಂಡ ನಿಂತಿರ್ತಾವ. ಅದರ ಖರ್ಚು ಇದು."

"ನನ್ನೊಬ್ಬಾಕಿ ಸಲುವಾಗಿ ನಿಂತಾವೇನ್ರಿ? ಓಣಿ ಮಂದಿಗೆಲ್ಲಾ ಅದ ಕಂಬ."

ಹೀಗೇ ಒಂದು ತಾಸು. ನನಗೆ ಹಸಿವಾಗಿತ್ತು. ಹಸಿದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

"ಅತ್ತೀ, ಆ ಎರಡು ತಿಂಗಳ ನೂಲ ಇರಲಿಲ್ಲ. ನಾ ಮಗ್ಗಕ್ಕ ಕುಂತಿಲ್ಲ. ನೀ ಮುಧೋಳದಿಂದ ಬಂದಾಕೀನ ಬಾಡಿಗಿ ಇಸ್ಕೊಂಡಿ. ಮಗ್ಗ ನಿನ್ನ ಸಲುವಾಗಿ ನಿಂತಿತ್ತಲ್ಲೋ ಅಂದಿ."

ಸಾಹೇಬರು ಚಹಾದ ಕಪ್ಪಿನೊಳಗೆ ನೋಡಿದರು. ನಗು ಅಲ್ಲಿ ಬಚ್ಚಿಟ್ಟರೆಂದು ಕಾಣುತ್ತದೆ. ಅತ್ತಿ ನನ್ನನ್ನು ನೋಡಿದ ರೀತಿ ಹೇಳುವುದು ಬೇಡ. "ಮನೀಗೆ ನಡಿ ಲೇ," ಅಂದಳು ಮೆತ್ತಗೆ. ಸಂಚಿ ಬಿಚ್ಚಿ, ಎಲೆಅಡಿಕೆಯ ಅಡಿಯಿಂದ ನೋಟು ತೆಗೆದು ಬಿಲ್ಲು ಕಟ್ಟಿದಳು.

ಬಸ್ಸಿನಲ್ಲಿ ಹೊರಗಿನ ಕಬ್ಬಿನ ಹೊಲ ನೋಡುತ್ತ ಕೂತಳು, ತನ್ನದೇ ಹೊಲ ಅನ್ನುವಂತೆ. ಈಕೆ ಇನ್ನು ಮಗ್ಗ ಬಿಡಿಸುತ್ತಾಳೆ ಅಂದುಕೊಂಡೆ. ರಬಕವಿಯಲ್ಲಿ ಇಳಿದ ಮೇಲೆ ಬಾಯಿ ಬಿಟ್ಟಳು.

"ಇನ್ನ ಮ್ಯಾಲ ನೂಲ ಇಲ್ಲದ ತಿಂಗಳ ಅರ್ಧಾ ಕೊಡು. ಪೂರಾ ಬಿಡಂಗಿಲ್ಲ. ನೀ ಇಲ್ಲದಾಗ ಮಗ್ಗದ ಕಟ್ಟಿಗಿಗೆ ಹುಳ ಹತ್ತದಂಗ ಎಣ್ಣಿ ಹಚ್ಚಾಕಿ ನಾನು, ಮುಧೋಳಕ್ಕ ಹೋಗೂ ಮೊದಲೂ ಹಚ್ಚಿದ್ದೆ. ಆ ಎರಡು ತಿಂಗಳದ್ದೂ ಅರ್ಧಾ ತಿರಿಗಿ ಕೊಡ್ತೀನಿ. ಈಗ ಉಣ್ಣಾಕ ಬಾ."

ಅಷ್ಟಕ್ಕೇ ಬಿಡುವವಳಲ್ಲ. ಮುಂದಿನ ತಿಂಗಳು ಬಿಲ್ಲಿನವ ಬಂದಾಗ ಅವನನ್ನು ಕಟ್ಟೆಯ ಮೇಲೆ ಕೂಡಿಸಿ, "ನಿಮ್ಮ ಸಾಹೇಬ್ರಿಗೆ ಹೇಳಪಾ, ನಾ ಅರ್ಧಾ ಇಳಿಸೇನಿ. ಅವರು ಎಷ್ಟ ಇಳಸ್ತಾರ ಕೇಳ್ಕೊಂಡ ಬಾ," ಅಂದಳು. ಅವನು ಆಮೇಲೆ ಪ್ರತಿ ತಿಂಗಳೂ, "ಕೇಳೇನ್ರಿ ಅವ್ವಾರ, ವಿಚಾರ ಮಾಡಾಕತ್ತಾರ," ಅನ್ನುತ್ತಿದ್ದ. ಕೇಳಿದ್ದನೋ ಇಲ್ಲವೋ, ಚಹಾ ಅಂತೂ ಸಿಗುತ್ತಿತ್ತು.

ಈಗ ಅವಳಿಗೆ ಕಣ್ಣು ಮಂಜು, ಮುಧೋಳದಲ್ಲಿ ಮೊಮ್ಮಗನನ್ನು ಆಡಿಸಿಕೊಂಡಿದ್ದಾಳೆ. ಮನೆ ನನ್ನ ಕೈಯಲ್ಲಿದೆ. ಅವಳ ಮಗ್ಗದಲ್ಲಿ ನಾನು ಕೂರುತ್ತೇನೆ, ಮಾವನ ಮಗ್ಗವನ್ನು ಮಲ್ಲಪ್ಪ ಬಾಡಿಗೆಗೆ ಹಿಡಿದಿದ್ದಾನೆ. ನಿಜ ಹೇಳುತ್ತೇನೆ, ಬಿಲ್ಲು ನೋಡಿದ ಸಿಟ್ಟಿಗೆ ಅವನ ಕಡೆ ಪೂರಾ ಬಾಡಿಗೆ ಕೇಳೋಣವೆಂದುಕೊಂಡೇ ಸ್ಟೂಲು ಹತ್ತಿದ್ದೆ.

"ಏನ ಮಾಡೂದಣ್ಣಾ ಬಾಡಿಗೀದು? ಅರ್ಧಾ ತಂದೇನಿ," ಅಂದ ಕೆಳಗಿನಿಂದ.

"ಮಗ್ಗಕ್ಕ ಎಣ್ಣಿ ಯಾರ ಹಚ್ಚಿದ್ರು?"

"ನಾನ. ನಿನ್ನೆ ಕೀಲಿ ಇಸ್ಕೊಂಡಿದ್ನಲ್ಲ."

"ಹಂಗಾದ್ರ ಅರ್ಧಾನೂ ಬ್ಯಾಡ. ಸ್ಟೂಲ ಗಟ್ಟಿ ಹಿಡಿ, ನಾ ಇಳೀತೀನಿ."

ಇಳಿದೆ. ಬಿಲ್ಲು ನಾಳೆ ಕಟ್ಟುತ್ತೇನೆ.