ಮೊಳೆ ಕೆಲಸದವರು

ಕೆಳಗಿನ ಮನೆಗೆ ಬಂದವರ ಸುದ್ದಿಯನ್ನು ಹೊಲಿಗೆಯಮ್ಮನಿಗೆ ಮೊದಲು ಹೇಳಿದವನು ಗೇಟಿನ ಕಾವಲುಗಾರ. ಅವಳು ಬೆಳಿಗ್ಗೆ ಅಂಗಡಿಯಿಂದ ಬಂದು ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು.

“ಒಬ್ಬರೇ ಇರೋದಂತೆ ಅಮ್ಮಾ. ಮೊಳೆ ಕೆಲಸದವರು. ನಲವತ್ತು ವರ್ಷ ಅದೇ ಮಾಡಿದಾರಂತೆ.”

ಹೊಲಿಗೆಯಮ್ಮನ ಕಣ್ಣ ಮುಂದೆ ಸುತ್ತಿಗೆ, ಹಲಗೆ, ತುಟಿಯಲ್ಲಿ ಕಚ್ಚಿಕೊಂಡ ಮೊಳೆಗಳು ಬಂದು ನಿಂತವು. “ಹೇಳಿಬಿಡು ಅವರಿಗೆ. ಠಕಠಕ ನನ್ನ ತಲೆಗಾಗಲ್ಲ. ಆ ಮನೇಲಿ ಒಂದು ಮೊಳೆನೂ ಹೊಡೀಕೂಡದು.”

ಕಾವಲುಗಾರ ಅಕ್ಷರ ತಪ್ಪದೆ ಹೇಳಿಬಂದ.

ಬಂದವರು ಬಡಗಿಯಾಗಿರಲಿಲ್ಲ; ಅದು ಅವಳಿಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಅಚ್ಚುಕೂಟದಲ್ಲಿ ಅಕ್ಷರಗಳ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಜೋಡಿಸುತ್ತಿದ್ದವರು. ತಿರುಗುಮುರುಗಾದ ಅಕ್ಷರವನ್ನು ಸಲೀಸಾಗಿ ಓದುತ್ತಿದ್ದರು. ನೆಟ್ಟಗಿರುವ ಬೋರ್ಡು ಕಂಡರೆ ಒಂದು ಗಳಿಗೆ ತಡವರಿಸುತ್ತಿದ್ದರು. ಅಚ್ಚುಕೂಟ ಮುಚ್ಚಿತು, ಮರುವರ್ಷ ಹೆಂಡತಿ ತೀರಿಕೊಂಡಳು, ಅವರು ಎರಡು ಪೆಟ್ಟಿಗೆ ಹಿಡಿದು ಈ ಕಟ್ಟಡಕ್ಕೆ ಬಂದರು. ಬಂದ ದಿನವೇ ಮೇಲಿನಿಂದ ಈ ಅಪ್ಪಣೆ ಇಳಿಯಿತು.

ಮೂರು ತಿಂಗಳು ಏನೂ ಇಲ್ಲ. ಆಮೇಲೆ ಕಟ್ಟಡದ ಕಾರ್ಯದರ್ಶಿಗೆ ದಿನಕ್ಕೊಂದು ದೂರಿನ ಲೆಕ್ಕದಲ್ಲಿ ಚೀಟಿಗಳು ಬರತೊಡಗಿದವು. ನಾಲ್ಕೂ ಕಡೆ ಅಂಚು ಬಿಟ್ಟು, ಒಂದು ಒತ್ತಕ್ಷರವೂ ಜಾರದಂತೆ ಬರೆದ ಚೀಟಿ: ‘ಈ ದಿನ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮೇಲಿನ ಮನೆಯಲ್ಲಿ ಯಂತ್ರದ ಸದ್ದು.’

ಹೊಲಿಗೆಯಮ್ಮ ಮಿಷಿನ್ ತುಳಿಯುತ್ತಿದ್ದುದು ಬೆಳಿಗ್ಗೆ ಎಂಟರಿಂದ ಹನ್ನೊಂದು. ಎರಡರಿಂದ ನಾಲ್ಕು ಅವಳ ನಿದ್ದೆಯ ಹೊತ್ತು. ಗಂಡ ಬದುಕಿದ್ದಾಗಲೂ ಆ ಎರಡು ಗಂಟೆಯನ್ನು ಅವಳು ಬಿಟ್ಟುಕೊಟ್ಟವಳಲ್ಲ. ಇದನ್ನೇ ಕಾರ್ಯದರ್ಶಿಗೆ ಹೇಳಿದಳು.

“ನೀವು ಬಾಯಲ್ಲಿ ಹೇಳ್ತೀರಿ,” ಎಂದ ಆತ. “ಅವರು ಬರೆದು ಕೊಡ್ತಾರೆ.”

ಬರವಣಿಗೆ ಅವಳಿಗೆ ಸಹಿಯ ಮಟ್ಟಿಗೆ ಬರುತ್ತಿತ್ತು.

ಒಂದು ಗುರುವಾರ ಸಭೆ ಕರೆದರು. ಹೊಲಿಗೆ ಮಿಷಿನ್ ಕಟ್ಟಡದಲ್ಲಿ ಇರಬೇಕೋ ಹೋಗಬೇಕೋ ಎಂಬುದು ಮೊದಲ ವಿಷಯ, ನೀರಿನ ತೊಟ್ಟಿ ಎರಡನೆಯದು. ಮಿಷಿನ್ ಹೋದರೆ ಹೊಲಿಗೆಯಮ್ಮನಿಗೆ ಅನ್ನವೂ ಇಲ್ಲ, ಆ ಹೆಸರೂ ಇಲ್ಲ. ಅವಳು ಒಗೆದ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಳು.

ಕಾರ್ಯದರ್ಶಿ ಆ ವಾರದ ಚೀಟಿಗಳ ಕಟ್ಟು ಬಿಚ್ಚಿ ಗಟ್ಟಿಯಾಗಿ ಓದಿದ. ಸೋಮವಾರದ್ದು, ಮಂಗಳವಾರದ್ದು, ಬುಧವಾರದ್ದು, ಗುರುವಾರದ್ದು, ಶುಕ್ರವಾರದ್ದು. ಅಲ್ಲಿ ನಿಂತ. “ಇವತ್ತು ಗುರುವಾರ ಅಲ್ವಾ?”

“ಶನಿವಾರದ್ದೂ ಕೆಳಗಿದೆ ನೋಡಿ,” ಎಂದರು ಮೊಳೆಯವರು. “ವಾರದ್ದೆಲ್ಲ ಮುಂಚೇನೇ ಜೋಡಿಸಿ ಕೊಟ್ಬಿಡ್ತೀನಿ. ಕಸುಬಿನ ಅಭ್ಯಾಸ. ಸದ್ದಂತೂ ದಿನಾ ತಪ್ಪಲ್ಲ.”

ಸಭೆ ನಕ್ಕಿತು. ಅವರು ನಗಲಿಲ್ಲ. ಹೊಲಿಗೆಯಮ್ಮ ಗೆದ್ದಂತೆಯೇ. ಆದರೂ ಆ ಮನುಷ್ಯನ ಮುಖದಲ್ಲಿ ಸುಳ್ಳು ಹೇಳಿದವನ ಕಳೆ ಇರಲಿಲ್ಲ. ಅದೊಂದು ಅವಳಿಗೆ ಚುಚ್ಚಿತು.

“ಹೆಂಗಿರುತ್ತೆ ಆ ಸದ್ದು?” ಎಂದು ಕೇಳಿದಳು.

“ದಡಕ್ ಅಂತ ಮುಚ್ಚುತ್ತೆ, ಬಡಕ್ ಅಂತ ತೆರೆಯುತ್ತೆ. ಮಧ್ಯೆ ಒಂದು ಉಸಿರು.”

“ನನ್ನ ಮಿಷಿನ್ನು ಉಸಿರಾಡಲ್ಲ ಕಣಪ್ಪ. ಒಂದೇ ಸಮ ಹಲ್ಲು ಕಡಿಯುತ್ತೆ, ಅಷ್ಟೇ. ನಿಮ್ಮ ಅಚ್ಚಿನ ಮಿಷಿನ್ನು ಎಷ್ಟೊತ್ತಿಗೆ ಓಡ್ತಿತ್ತು?”

ಮೊಳೆಯವರು ತಮ್ಮ ಬೆರಳುಗಳನ್ನು ನೋಡಿಕೊಂಡರು. “ಎರಡಕ್ಕೆ ಶುರು. ನಾಲ್ಕಕ್ಕೆ ನಿಲ್ಲಿಸ್ತಿದ್ರು.”

ಕಾರ್ಯದರ್ಶಿ ಕಟ್ಟನ್ನು ಮೊದಲಿನಂತೆ ಕಟ್ಟಿ, ನೀರಿನ ತೊಟ್ಟಿಯ ವಿಷಯಕ್ಕೆ ಹೋದ.

ಮರುದಿನ ಮೊಳೆಯವರು ಮೊದಲ ಸಲ ಮೇಲೆ ಬಂದು ಹೊಸ್ತಿಲ ಆಚೆಯೇ ನಿಂತರು. “ನನಗೂ ಅನುಮಾನ ಇತ್ತು. ಯಂತ್ರದ ಜೊತೆಗೇ ನಿಮ್ಮ ಗೊರಕೆನೂ ಕೇಳಿಸ್ತಿತ್ತು. ಮಲಗಿರೋರು ತುಳಿಯೋದು ಹೇಗೆ ಅಂತ.”

“ಗೊರಕೆ ಮೇಲೆ ಯಾಕೆ ದೂರು ಬರೀಲಿಲ್ಲ?”

“ಅದು ನಿಮ್ಮ ಸ್ವಂತ ವಿಷಯ.” ಅವರು ಹೋಗಲು ತಿರುಗಿ, ಮತ್ತೆ ನಿಂತರು. “ಬೆಳಿಗ್ಗೆ ನೀವು ತುಳಿಯುವಾಗ ಬೇರೆ ಯಾವ ಸದ್ದೂ ಕಿವಿಗೆ ಬೀಳಲ್ಲ. ಮಧ್ಯಾಹ್ನವೂ ತುಳೀತೀರಾ? ಬಟ್ಟೆ ಇಲ್ಲದಿದ್ರೂ ಸರಿ, ಖಾಲಿ ತುಳಿದ್ರೂ ಸಾಕು.”

ಹೊಲಿಗೆಯಮ್ಮ ಬಾಗಿಲು ಹಾಕಿಕೊಂಡು ಚೆನ್ನಾಗಿ ಬೈದುಕೊಂಡಳು. ಸೋಮವಾರದಿಂದ ಎರಡಕ್ಕೆ ಮಿಷಿನ್ ಮುಂದೆ ಕೂತಳು. ಗಂಡನಿಗೂ ಬಿಟ್ಟುಕೊಡದ ಹೊತ್ತು ಕೆಳಗಿನ ಮನೆಯ ಪಾಲಾಯಿತು. ಚೀಟಿಗಳು ನಿಂತವು.

ಎರಡು ವರ್ಷ ಹೀಗೇ ನಡೆಯಿತು. ಆ ಮನೆ ಬಿಡುವವರೆಗೆ ಅವರು ಅವಳನ್ನು ಇನ್ನೊಂದೇ ಒಂದು ವಿಷಯ ಕೇಳಿದರು. ಅವಳು ಅವರ ಅಂಗಿಗೆ ಕಾಲರು ತಿರುಗಿಸಿ ಹೊಲಿದು, ಕೊಡಲು ಕೆಳಗಿಳಿದಿದ್ದಳು. ಮನೆಯ ಗೋಡೆಗಳು ಬೋಳಾಗಿದ್ದವು. ಇದ್ದ ಒಂದೇ ಕುರ್ಚಿಯ ಮೇಲೆ ಹೆಂಡತಿಯ ಫೋಟೋ ಕೂತಿತ್ತು. ಮೊಳೆಯವರು ಕಿಟಕಿಯ ಹತ್ತಿರ ನಿಂತುಕೊಂಡೇ ಊಟ ಮಾಡುತ್ತಿದ್ದರು.

“ಇಷ್ಟು ದಿನ ಇವರನ್ನ ಕೂರಿಸೇ ಇಟ್ಟಿದೀರಾ? ಗೋಡೆಗೆ ಹಾಕಿ, ನೀವು ಕೂತ್ಕೋಬಾರದಾ?”

“ಒಂದು ಮೊಳೆನೂ ಹೊಡೀಕೂಡದು ಅಂತ ಹೇಳಿ ಕಳಿಸಿದ್ರಲ್ಲ.”

ಹೊಲಿಗೆಯಮ್ಮನಿಗೆ ಆ ಬೆಳಿಗ್ಗೆ, ಮೆಟ್ಟಿಲು, ಕಾವಲುಗಾರ ಎಲ್ಲ ನೆನಪಾಯಿತು. ಅಂಗಿಯ ಮಡಿಕೆಯನ್ನು ಇನ್ನೊಮ್ಮೆ ಸರಿಮಾಡಿದಳು.

ಮೊಳೆಯವರು ಕೈ ತೊಳೆದು, ಪೆಟ್ಟಿಗೆಯಿಂದ ಸುತ್ತಿಗೆ ತೆಗೆದರು. ಅದಕ್ಕೆ ಸುತ್ತಿದ್ದ ಅಂಗಡಿಯ ಕಾಗದ ಹಳದಿಯಾಗಿತ್ತು.

“ಒಂದೇ ಒಂದು. ಈಗ ಹೊಡೀಲಾ?”