ಏಳು ಅಂದರೆ

ಹಾಲು ಕರೆದು ಏಳುವಾಗ ಅಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದಳು. ಸೊಂಟದ ಹತ್ತಿರ ತೊಡೆಮೂಳೆ ಮುರಿದಿತ್ತು. ಆಪರೇಷನ್ ಮಾಡಿ ರಾಡು ಹಾಕಿದರು. ಸದ್ಯ ಗೆದ್ದೆವು ಅಂದುಕೊಂಡು ಅವಳನ್ನು ಬಂಗಾರಪೇಟೆಯ ನನ್ನ ಮನೆಗೆ ಕರೆತರಲು ಹೊರಟರೆ, ಡಾಕ್ಟರು ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದರು.

"ಮೂಳೆ ಕೂಡುತ್ತೆ ಬಿಡಿ. ಮಲಗಿದಲ್ಲೇ ಇದ್ದರೆ ಎದೆಯಲ್ಲಿ ಕಫ ಕಟ್ಟುತ್ತೆ. ಈ ವಯಸ್ಸಲ್ಲಿ ಅದೇ ಪ್ರಾಣಕ್ಕೆ ಬರೋದು. ದಿನಾ ಎಬ್ಬಿಸಿ ನಡೆಸಿ."

ಅವತ್ತಿನಿಂದ ಅಮ್ಮ ಒಂದು ಸಲ ಕೆಮ್ಮಿದರೂ ಅವಳ ಎದೆಗೆ ಕಿವಿಯಿಟ್ಟು ಕೇಳುತ್ತಿದ್ದೆ.

ಮೊದಮೊದಲು ನನ್ನನ್ನು ಬಯ್ದುಕೊಂಡೇ ವಾಕರ್ ಹಿಡಿದು ನಡೆದಳು. ಆಮೇಲೆ ನೆಂಟರು ಶುರುವಾದರು. ಅಮ್ಮನ ಊರಿನ ಕಡೆಯಿಂದ ಬೇತಮಂಗಲದ ಬಸ್ಸಿನಲ್ಲಿ ಬಂದವರೆಲ್ಲ ನೇರ ನಮ್ಮ ಮನೆಗೇ ಇಳಿಯುತ್ತಾರೇನೋ ಅನ್ನಿಸುತ್ತಿತ್ತು. ಊರಿಗಾಂನಿಂದ ಬಂದ ಚಿಕ್ಕಮ್ಮ ಮಂಚದ ಮೇಲೆ ಕೂತು ಅಮ್ಮನ ಕೈ ಸವರಿದಳು.

"ಬಾಯಿಗೇನ್ ಬೇಕು ಅನ್ನಿಸ್ತದೆ ಏಳಕ್ಕಾ, ಮಾಡ್ಕೊಂಡ್ ಬತ್ತೀನಿ."

ನಮ್ಮ ಕಡೆ ಈ ಪ್ರಶ್ನೆ ಕೇಳುವುದು ಇಬ್ಬರನ್ನೇ. ಬಸುರಿಯನ್ನು, ಇಲ್ಲವೇ ಹೊರಟು ನಿಂತ ಜೀವವನ್ನು. ತಾನು ಬಸುರಿಯಲ್ಲ ಅನ್ನುವುದು ಅಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಬಂದವರೆಲ್ಲ ಅದನ್ನೇ ಕೇಳಿದರು. ಅವರ ಬಾಯಿಗಿಷ್ಟು ಮಣ್ಣು ಹಾಕಬೇಕು ಅನ್ನಿಸುತ್ತಿತ್ತು ನನಗೆ. ಅಮ್ಮ ವಾಕರ್ ಮುಟ್ಟುವುದನ್ನೇ ಬಿಟ್ಟಳು.

ಒಂದು ಬೆಳಗ್ಗೆ ಅವಳ ಎದೆಯೊಳಗೆ ಗೊರಗೊರ ಸದ್ದು ಕೇಳಿತು. ನಾನು ಹೆದರಿ ಸತ್ತೆ. ಓಡಿಹೋಗಿ ಭುಜ ಹಿಡಿದು ಅಲ್ಲಾಡಿಸಿದೆ.

"ಏಳಮ್ಮಾ. ನಿನ್ ದಮ್ಮಯ್ಯ ಅಂತೀನಿ, ಏಳು."

ಅಮ್ಮ ಗೋಡೆ ಕಡೆ ಮುಖ ಮಾಡಿಕೊಂಡೇ ಅಂದಳು, "ನೀನೂ ಕೇಳ್ಬುಟ್ಯಾ? ಸರಿ. ಇತಕಿದ್ ಬ್ಯಾಳೆ ಸಾರು ಮಾಡು. ತಿಂದು ಓಗ್ತೀನಿ."

ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನಮ್ಮ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. 'ಹೇಳು' ಅನ್ನುವುದೂ 'ಏಳು', ಎದ್ದೇಳು ಅನ್ನುವುದೂ 'ಏಳು'. ಹೆತ್ತ ಮಗಳೂ ಕೊನೆಯ ಆಸೆ ಕೇಳುತ್ತಿದ್ದಾಳೆ ಅಂದುಕೊಂಡಿದ್ದಳು ಅವಳು.

"ಎದ್ದು ಕೂತ್ಕೋ ಅಂದಿದ್ದು ಕಣಮ್ಮಾ! ಎದ್ದು ಕೂತ್ಕೋ!" ಬೀದಿಗೆಲ್ಲ ಕೇಳುವಂತೆ ಕಿರುಚಿದೆ.

ಅಮ್ಮ ಮೆಲ್ಲಗೆ ನನ್ನ ಕಡೆ ತಿರುಗಿದಳು. "ಅಂಗಾದ್ರೆ ಡಾಕ್ಟ್ರು ನಿನ್ ತಾವ ಏನೂ ಏಳಿಲ್ವಾ?"

"ಏಳವ್ರೆ. ನಡೆದ್ರೆ ಬದುಕ್ತಾಳೆ ಅಂದವ್ರೆ." ಮಿಕ್ಕಿದ್ದನ್ನು ನುಂಗಿಕೊಂಡೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೈ ಚಾಚಿದಳು. ನಾನು ಬೆನ್ನಿಗೆ ಆನಿಕೆ ಕೊಟ್ಟು ಕಾಲುಗಳನ್ನು ನೆಲಕ್ಕಿಳಿಸಿದೆ. ಅವಳ ಉಗುರು ನನ್ನ ತೋಳಿಗೆ ಇಳಿಯಿತು.

"ಬಿಡ್ಬೇಡ ಕಣೇ," ಅಂದಳು. "ನಂಗೆ ಸಾಯಕ್ಕೆ ಭಯ."