ಅಕ್ಕ ಎಳೆದು ನೋಡದ ಹೊಲಿಗೆ

ಅಕ್ಕನ ಬಲಗೈಯ ಮೂರು ಬೆರಳುಗಳಿಗೆ ತುದಿಯಿಲ್ಲ. ಉಗುರು ಇರಬೇಕಾದ ಜಾಗದಲ್ಲಿ ನುಣ್ಣನೆಯ, ಮಿರುಗುವ ಚರ್ಮವಿದೆ. ಆ ಕೈಯಲ್ಲೇ ಲೋಟ ಹಿಡಿಯುತ್ತಾಳೆ, ಶಾಲೆಯಲ್ಲಿ ಸೀಟಿ ಹಿಡಿಯುತ್ತಾಳೆ, ನನ್ನ ಬೆನ್ನಿಗೆ ಗುದ್ದುತ್ತಾಳೆ. ಕೇಳಿದವರಿಗೆಲ್ಲ "ಹಿಮ ತಿಂತು" ಎಂದು ನಗುತ್ತಾಳೆ. ಹಿಮ ತಿಂದದ್ದು ನಿಜ. ಬಡಿಸಿದವನು ನಾನು.

ಸುಂಕದಕಟ್ಟೆಯಲ್ಲಿ ನನ್ನದೊಂದು ಸಣ್ಣ ಟೈಲರ್ ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಲಿಗೆ ಮಿಷನ್ ಮುಂದೆ ಕೂತವನು ನಾನು. ಅಕ್ಕ ಓದಿ, ವಿಜಯನಗರದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಆದಳು. ಅವಳಿಗೆ ಬೆಟ್ಟದ ಹುಚ್ಚು. ರಾಮನಗರದ ಬಂಡೆಗಳಲ್ಲಿ ಶುರುವಾದದ್ದು ಹಿಮಾಲಯದವರೆಗೆ ಹೋಯಿತು. ಹೊರಡುವ ಮೂರು ತಿಂಗಳ ಮೊದಲೇ ಬ್ಯಾಗಿಗೆ ಇಪ್ಪತ್ತು ಕೆಜಿ ಮರಳು ತುಂಬಿಕೊಂಡು, ನಮ್ಮ ನಾಲ್ಕು ಮಹಡಿ ಕಟ್ಟಡದ ಮೆಟ್ಟಿಲನ್ನು ಬೆಳಗ್ಗೆ ಹತ್ತು ಸಲ ಹತ್ತಿ ಇಳಿಯುತ್ತಿದ್ದಳು.

"ಏನೇ, ಸಿಲಿಂಡರ್ ಡೆಲಿವರಿಗೆ ಸೇರ್ಕೊಂಡ್ಯಾ?" ಎಂದು ಎರಡನೇ ಮಹಡಿಯ ಆಂಟಿ ರೇಗಿಸುತ್ತಿದ್ದರು.

"ಹೂಂ ಆಂಟಿ, ಬನ್ನಿ, ನಿಮ್ಮನ್ನೂ ಟೆರೇಸ್‌ಗೆ ಡೆಲಿವರಿ ಮಾಡ್ತೀನಿ!"

ಏನನ್ನೇ ಆಗಲಿ ಎರಡು ಸಲ ಎಳೆದು ನೋಡುವುದು ಅವಳ ಅಭ್ಯಾಸ. ಹಗ್ಗದ ಗಂಟು, ಬ್ಯಾಗಿನ ಪಟ್ಟಿ ಆದರೆ ಸರಿ. ಬಟ್ಟೆ ಒಣಹಾಕುವ ತಂತಿ, ಸಿಟಿ ಬಸ್ಸಿನ ಹಿಡಿಕೆ, ನನ್ನ ಅಂಗಿಯ ಗುಂಡಿ ಯಾವುದನ್ನೂ ಬಿಡುತ್ತಿರಲಿಲ್ಲ. ಮದುವೆಮನೆಯೊಂದರಲ್ಲಿ ಚಪ್ಪರದ ಕಂಬವನ್ನು ಎಳೆದು ನೋಡಿ ಅಮ್ಮನಿಂದ ಬೈಸಿಕೊಂಡಿದ್ದಳು.

"ಎಳೆದು ನೋಡ್ದೆ ನಂಬಬಾರ್ದು ಕಣೋ. ಬೆಟ್ಟದ ಮೇಲೆ ಸಾರಿ ಕೇಳೋಕೆ ಟೈಮ್ ಇರಲ್ಲ" ಎನ್ನುತ್ತಿದ್ದಳು.

ಆ ವರ್ಷ ಲಡಾಖಿನ ಕಡೆಯ ದೊಡ್ಡ ಶಿಖರವೊಂದಕ್ಕೆ ಹೊರಟಿದ್ದಳು. ಅದೇ ಹೊತ್ತಿಗೆ ಅಮ್ಮನ ಮಂಡಿಯ ಆಪರೇಷನ್ ಆಗಿತ್ತು. ಅಕ್ಕ ಹದಿನೈದು ದಿನ ರಜೆ ಹಾಕಿ ಅಮ್ಮನನ್ನು ನೋಡಿಕೊಂಡಳು. ಮುಂದಿನದು ನನ್ನ ಪಾಲಿಗೆ ಬಂತು. ನನಗೆ ಒಳಗೇ ಉರಿ.

ಹೊರಡುವ ಹಿಂದಿನ ದಿನ ಅಂಗಡಿಗೆ ಬಂದು ದಪ್ಪ ಗ್ಲೌಸುಗಳನ್ನು ಮೇಜಿನ ಮೇಲಿಟ್ಟಳು. ಎರಡಕ್ಕೂ ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳುವ ಪಟ್ಟಿ ಹೊಲಿಯಬೇಕಿತ್ತು. ಮೇಲೆ ಹೋದಾಗ ಗ್ಲೌಸು ಕಳಚಿದರೂ ಅದು ಕೈಯಲ್ಲೇ ತೂಗಾಡಬೇಕು, ಗಾಳಿಗೆ ಹೋಗಬಾರದು.

"ನೈಲಾನ್ ದಾರದಲ್ಲಿ ಡಬಲ್ ಹೊಲಿಗೆ ಹಾಕೋ."

"ಎಲ್‌ಕೆಜಿ ಮಗೂಗೆ ಕರ್ಚೀಫ್ ಪಿನ್ ಮಾಡ್ದಂಗೆ" ಎಂದೆ. "ಅಮ್ಮನ್ನ ನೋಡ್ಕೊಳೋಕೆ ನಾನು, ಬೆಟ್ಟ ಹತ್ತೋಕೆ ನೀನು. ಹೋಗ್ಬಾ ಮಹಾರಾಣಿ."

"ಬಂದ್ಮೇಲೆ ಒಂದು ತಿಂಗ್ಳು ಅಡುಗೆ ನಂದೇ, ಆಯ್ತಾ?" ಎಂದು ಅಕ್ಕ ಹೋದಳು.

ನೈಲಾನ್ ದಾರ ಮುಗಿದಿತ್ತು. ನಾಲ್ಕು ಅಂಗಡಿ ಆಚೆ ಸಿಗುತ್ತಿತ್ತು. ನಾನು ಏಳಲಿಲ್ಲ. ಪ್ಯಾಂಟಿನ ಅಂಚು ಮಡಿಸುವ ಸಾದಾ ಕಾಟನ್ ದಾರದಲ್ಲಿ ಒಂದೇ ಸಾಲು ಹೊಡೆದೆ. ತುದಿಯಲ್ಲಿ ಹಿಂದೆ ಮುಂದೆ ಹೊಲಿದು ಭದ್ರ ಮಾಡುವುದನ್ನೂ ಮಾಡದೆ ಕತ್ತರಿಸಿ ಇಟ್ಟೆ.

ಸಂಜೆ ಬಂದವಳು, "ಡಬಲ್ ತಾನೆ?" ಎಂದಳು.

"ಹೂಂ, ಡಬಲ್ಲೇ."

ಎಳೆದು ನೋಡುತ್ತಾಳೆ, ಸಿಕ್ಕಿಬೀಳುತ್ತೇನೆ ಎಂದುಕೊಂಡೆ. ನೋಡಲಿಲ್ಲ. ಹಾಗೇ ಬ್ಯಾಗಿಗೆ ಹಾಕಿಕೊಂಡು, ನನ್ನ ಕೂದಲು ಕೆದರಿ ಹೋದಳು.

ಬೆಟ್ಟದ ಮೇಲೆ ನಡೆದದ್ದನ್ನು ಆಮೇಲೆ ಅವಳೇ ಹೇಳಿದಳು. ಶಿಖರ ಕಣ್ಣೆದುರಿಗೇ ಇತ್ತಂತೆ. ಜೊತೆಯ ಹುಡುಗಿಯೊಬ್ಬಳ ಬೂಟಿನಡಿ ಕಟ್ಟಿದ್ದ ಕಬ್ಬಿಣದ ಮುಳ್ಳು ಸಡಿಲವಾಗಿತ್ತು. ಅದನ್ನು ಬಿಗಿಯಲು ಅಕ್ಕ ಬಲಗೈಯ ಗ್ಲೌಸು ಕಳಚಿದಳು. ಗಾಳಿ ಎದ್ದಿತು. ಪಟ್ಟಿ ಮಣಿಕಟ್ಟಿನಲ್ಲೇ ಉಳಿಯಿತು, ಗ್ಲೌಸು ಹಾರಿಹೋಯಿತು. ಬ್ಯಾಗಿನ ತಳದಿಂದ ಇನ್ನೊಂದು ಜೊತೆ ಹುಡುಕಿ ತೆಗೆಯುವಷ್ಟರಲ್ಲಿ ಬೆರಳುಗಳು ಮರಗಟ್ಟಿದ್ದವು. ಶಿಖರ ಮುಟ್ಟದೆ ಇಳಿದಳು. ಬೆಂಗಳೂರಿಗೆ ಬಂದ ಮೇಲೆ, ಕಪ್ಪಾಗಿದ್ದ ತುದಿಗಳನ್ನು ಡಾಕ್ಟರು ತೆಗೆದರು. ಅಷ್ಟು ಚಳಿಯ ಜಾಗಕ್ಕೆ ಇನ್ನು ಹೋಗಬಾರದೆಂದರು.

"ಪಟ್ಟಿ ಕಿತ್ಕೊಂಡು ಬಂತಾ? ಇವ್ನು ಸರಿಯಾಗಿ ಹೊಲೀಲಿಲ್ವಾ?" ಎಂದು ಅಮ್ಮ ನನ್ನೆದುರಿಗೇ ಕೇಳಿದಳು.

"ಡಬಲ್ ಹಾಕಿದ್ದ ಕಣಮ್ಮ. ಆ ಗಾಳಿ ಎಂಥದ್ದು ಅಂತ ನಿಂಗೊತ್ತಿಲ್ಲ."

ಅಮ್ಮನ ಮಾತ್ರೆ ತರುವ ನೆಪದಲ್ಲಿ ನಾನು ಎದ್ದು ಹೋದೆ. ಮರುದಿನ ಅಕ್ಕನ ಜಾಕೆಟ್ ಒಗೆಯಲು ತೆಗೆದಾಗ ಜೇಬಿನಲ್ಲಿ ಆ ಪಟ್ಟಿ ಸಿಕ್ಕಿತು. ತುದಿಯಲ್ಲಿ ನನ್ನ ಕಾಟನ್ ದಾರದ ಎಳೆಗಳು ನಿಂತಿದ್ದವು.

ಆಮೇಲೆ ಅಕ್ಕ ತನ್ನ ಶಾಲೆಯ ದೊಡ್ಡ ಹುಡುಗಿಯರಿಗೆ ತರಬೇತಿ ಕೊಟ್ಟು ಹಿಮಾಲಯಕ್ಕೆ ಕಳಿಸತೊಡಗಿದಳು. ತಾನು ಕೆಳಗಿನ ಊರಿನಲ್ಲಿ ಉಳಿದು ಕಾಯುತ್ತಾಳೆ. ಪ್ರತಿ ವರ್ಷ ಅವರ ಗ್ಲೌಸುಗಳೆಲ್ಲ ನನ್ನ ಅಂಗಡಿಗೇ ಬರುತ್ತವೆ. ನೈಲಾನ್ ದಾರದಲ್ಲಿ ಮೂರು ಸಾಲು ಹಾಕಿ ಕೊಡುತ್ತಿದ್ದೆ. ಒಂದನ್ನೂ ಎಳೆದು ನೋಡದೆ ತೆಗೆದುಕೊಂಡು ಹೋಗುತ್ತಿದ್ದಳು. ಆರು ವರ್ಷ ಹೀಗೇ ನಡೆಯಿತು. ಅವಳ ಆ ನಂಬಿಕೆಯನ್ನು ಇನ್ನು ಹೊರಲಾರೆ ಅನ್ನಿಸಿತು.

ಈ ವರ್ಷ ಹನ್ನೆರಡು ಜೊತೆ ಹೊಲಿದಿಟ್ಟು, ಅವಳು ಬಂದ ಕೂಡಲೇ ಹೇಳಿದೆ.

"ಅಕ್ಕಾ, ಅವತ್ತು ಡಬಲ್ ಹಾಕಿರ್ಲಿಲ್ಲ. ಕಾಟನ್ ದಾರ, ಒಂದೇ ಸಾಲು. ನಿನ್ ಮೇಲಿನ ಕೋಪಕ್ಕೆ. ಸುಳ್ ಹೇಳ್ದೆ."

ಅಕ್ಕ ಸ್ಟೂಲಿನ ಮೇಲೆ ಕೂತಳು. ಮಾಗಡಿ ರೋಡಿನಲ್ಲಿ ಬಸ್ಸುಗಳು ಹೋಗುತ್ತಲೇ ಇದ್ದವು.

"ಎಲ್ಲಾನೂ ಎಳೆದು ನೋಡ್ತಿದ್ದೆ" ಎಂದಳು ಕೊನೆಗೆ. "ಅದೊಂದನ್ನ ನೋಡ್ಲಿಲ್ಲ. ತಮ್ಮ ಹೊಲ್ದಿದ್ದು ಅಂತ."

"ಬೈಯಿ ಅಕ್ಕ. ಹೊಡಿ ಬೇಕಾದ್ರೆ."

"ಇರು. ಮೊದ್ಲು ಇವನ್ನ ನೋಡ್ತೀನಿ. ಬೇರೆಯವ್ರ ಮಕ್ಕಳ ಕೈ ಇದು."

ಒಂದೊಂದೇ ಗ್ಲೌಸು ಎತ್ತಿಕೊಂಡಳು. ಮೊಂಡು ಬೆರಳುಗಳಲ್ಲಿ ಪಟ್ಟಿ ಜಾರುತ್ತಿತ್ತು. ಅದನ್ನು ಅಂಗೈಗೆ ಸುತ್ತಿಕೊಂಡು, ಹಲ್ಲು ಕಚ್ಚಿ, ಪ್ರತಿಯೊಂದನ್ನೂ ಎರಡೆರಡು ಸಲ ಎಳೆದಳು. ಇಪ್ಪತ್ತನಾಲ್ಕು ಗ್ಲೌಸು. ನಾನು ನಿಂತೇ ನೋಡಿದೆ. ಒಂದನ್ನು ಮಾತ್ರ ನನ್ನ ಕಡೆ ನೂಕಿದಳು.

"ಇದಕ್ಕಿನ್ನೊಂದು ಸಾಲು ಹಾಕು."

ಹಾಕಿಕೊಟ್ಟೆ. ಮತ್ತೆ ಎಳೆದು ನೋಡಿದಳು. ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಬಾಗಿಲ ತನಕ ಹೋಗಿ ನಿಂತಳು.

"ಮುಂದಿನ್ ವರ್ಷ ಹದಿನೈದು ಜೊತೆ ಬರತ್ತೆ. ದಾರ ಮೊದ್ಲೇ ತಂದಿಟ್ಕೋ."

ಆಮೇಲೆ ವಾಪಸು ಬಂದು, ಆ ಮೊಂಡು ಬೆರಳುಗಳಿಂದ ನನ್ನ ಅಂಗಿಯ ಮೇಲಿನ ಗುಂಡಿ ಹಿಡಿದು, ಎರಡು ಸಲ ಎಳೆದು ನೋಡಿ ಹೋದಳು.